ಮೊದಲ ಯುರೋಪಿಯನ್ ಕಪ್, 1955–56: ಪದೇ ಪದೇ ಕೇಳುವ ಪ್ರಶ್ನೆಗಳು

ರಾತ್ರಿ ಒಂದೂವರೆಗೆ ಅಲಾರಾಂ ಇಟ್ಟು ಚಾಂಪಿಯನ್ಸ್ ಲೀಗ್ ಫುಟ್‌ಬಾಲ್ ನೋಡುವ ಚಟ ನನಗೆ ಹಳೆಯದು. ಬೆಳಿಗ್ಗೆ ಕಣ್ಣು ಕೆಂಪಗೆ ಮಾಡಿಕೊಂಡು ಆಫೀಸಿಗೆ ಹೋದರೆ ಪಕ್ಕದ ಟೇಬಲ್‌ನವರು ಸ್ಕೋರ್ ಕೇಳುತ್ತಾರೆ. ಆಮೇಲೆ ಮಾತು ಹಿಂದಕ್ಕೆ ಹೋಗುತ್ತದೆ. ಮೊದಲ ಸಲ ಯಾರು ಆಡಿದರು, ಯಾರು ಆಡಿಸಿದರು, ಇಂಗ್ಲೆಂಡಿನವರು ಯಾಕೆ ಇರಲಿಲ್ಲ. ಅಣ್ಣನ ಮಗನೂ ಇದನ್ನೇ ಕೇಳುತ್ತಾನೆ, ಊರಿನಿಂದ ಪತ್ರ ಬರೆಯುವ ಒಬ್ಬ ನಿವೃತ್ತ ಮೇಷ್ಟ್ರೂ ಇದನ್ನೇ ಕೇಳುತ್ತಾರೆ. ಅಂಥ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಕೇಳಿದವರ ಮಾತು ಕೇಳಿದ ಹಾಗೇ ಇದೆ.

## ಮೊದಲು ಇಷ್ಟು ತಿಳಿದಿರಲಿ

ಚಾಂಪಿಯನ್ಸ್ ಲೀಗ್ ಶುರುವಾಗಿದ್ದು 1992ರಲ್ಲಿ ಅಲ್ವಾ? ನೀವು 1955 ಅಂತ ಯಾಕೆ ಹೇಳ್ತೀರಿ?

1992ರಲ್ಲಿ ಬದಲಾಗಿದ್ದು ಹೆಸರು ಮತ್ತು ಆಡಿಸುವ ರೀತಿ. ಟೂರ್ನಿ ಅದೇ. ಅದಕ್ಕೂ ಮುಂಚೆ ಅದನ್ನು ಯುರೋಪಿಯನ್ ಚಾಂಪಿಯನ್ ಕ್ಲಬ್ಸ್ ಕಪ್ ಎನ್ನುತ್ತಿದ್ದರು, ಬಾಯಿಮಾತಿನಲ್ಲಿ ಯುರೋಪಿಯನ್ ಕಪ್. ಲೆಕ್ಕ ಇಡುವಾಗ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಎರಡನ್ನೂ ಸೇರಿಸಿಯೇ ಇಡುತ್ತದೆ. ಸ್ಪೇನಿನ ರಿಯಲ್ ಮ್ಯಾಡ್ರಿಡ್ ಕ್ಲಬ್‌ನವರು ತಮ್ಮ ಕಪ್‌ಗಳನ್ನು ಎಣಿಸುವಾಗ ಮೊದಲ ಬೆರಳು ಮಡಚುವುದೇ 1956ಕ್ಕೆ.

ಮೊದಲ ಕಪ್ ಗೆದ್ದಿದ್ದು ಯಾರು? ಒಂದೇ ಸಾಲಲ್ಲಿ ಹೇಳಿ.

ರಿಯಲ್ ಮ್ಯಾಡ್ರಿಡ್. 1956ರ ಜೂನ್ 13ರಂದು ಪ್ಯಾರಿಸ್‌ನ ಪಾರ್ಕ್ ದೆ ಪ್ರಾನ್ಸ್ ಮೈದಾನದಲ್ಲಿ ಫ್ರಾನ್ಸಿನ ರೀಮ್ಸ್ ತಂಡವನ್ನು 4–3ರಿಂದ ಸೋಲಿಸಿತು.

ಇದನ್ನ ಶುರು ಮಾಡಿದ್ದು ಒಂದು ಪೇಪರ್‌ನವರು ಅಂತಾರೆ. ನಿಜಾನಾ, ಸುಮ್ನೆ ಕಥೆನಾ?

ನಿಜ. ಪತ್ರಿಕೆಯ ಹೆಸರು ಲೆಕಿಪ್, ಪ್ಯಾರಿಸ್‌ನ ಕ್ರೀಡಾ ದಿನಪತ್ರಿಕೆ. ಅಲ್ಲಿ ಗಾಬ್ರಿಯೆಲ್ ಅನೋ ಎಂಬ ಹಿರಿಯ ಪತ್ರಕರ್ತರಿದ್ದರು. ಅವರೂ ಒಂದು ಕಾಲದಲ್ಲಿ ಫ್ರಾನ್ಸ್ ತಂಡಕ್ಕೆ ಆಡಿದವರೇ.

ಕಿಡಿ ಹತ್ತಿಸಿದ್ದು ಮಾತ್ರ ಇಂಗ್ಲೆಂಡಿನ ಒಂದು ಪಂದ್ಯ. 1954ರ ಡಿಸೆಂಬರ್ 13ರ ರಾತ್ರಿ ವುಲ್ವರ್‌ಹ್ಯಾಂಪ್ಟನ್‌ನಲ್ಲಿ ಅಲ್ಲಿನ ಕ್ಲಬ್ ವುಲ್ವ್ಸ್ ಮತ್ತು ಹಂಗೆರಿಯ ಹೊನ್ವೇಡ್ ನಡುವೆ ಫ್ಲಡ್‌ಲೈಟ್ ಕೆಳಗೆ ಸ್ನೇಹಪರ ಪಂದ್ಯ. ಹೊನ್ವೇಡ್ ಅಂದರೆ ಸುಮ್ನೆ ತಂಡವಲ್ಲ. ಪುಷ್ಕಾಶ್, ಕೋಚಿಶ್, ಬೋಜಿಕ್ ಇದ್ದ ತಂಡ. ಹಿಂದಿನ ವರ್ಷ ವೆಂಬ್ಲಿಗೇ ಬಂದು ಇಂಗ್ಲೆಂಡನ್ನು 6–3ರಿಂದ ಮಣ್ಣು ಮುಕ್ಕಿಸಿದ ಹಂಗೆರಿಯ ಬೆನ್ನೆಲುಬೇ ಅದು. ಅರ್ಧ ಆಟ ಮುಗಿದಾಗ ಹೊನ್ವೇಡ್ 2–0 ಮುಂದಿತ್ತು. ವುಲ್ವ್ಸ್ ಮ್ಯಾನೇಜರ್ ಸ್ಟ್ಯಾನ್ ಕಲಿಸ್ ಬಲೇ ಕಿಲಾಡಿ. ಮೊದಲೇ ನೆನೆದಿದ್ದ ಮೈದಾನಕ್ಕೆ ಪಂದ್ಯಕ್ಕೆ ಮುಂಚೆ ಇನ್ನಷ್ಟು ನೀರು ಹಾಯಿಸಿಟ್ಟಿದ್ದರು. ಎರಡನೇ ಅರ್ಧದ ಹೊತ್ತಿಗೆ ಅದು ನಾಟಿಗೆ ಹದ ಮಾಡಿದ ಗದ್ದೆಯಾಗಿತ್ತು. ಹಂಗೆರಿಯವರ ಚಿಕ್ಕ ಚಿಕ್ಕ ಪಾಸುಗಳು ಕೆಸರಲ್ಲಿ ಸಿಕ್ಕಿಕೊಂಡವು. ವುಲ್ವ್ಸ್ 3–2ರಿಂದ ಗೆದ್ದಿತು.

ಕಲಿಸ್ ತಮ್ಮ ಹುಡುಗರನ್ನು ವಿಶ್ವ ಚಾಂಪಿಯನ್ನರು ಅಂದರು. ಲಂಡನ್ ಪತ್ರಿಕೆಗಳು ಅದನ್ನೇ ಎತ್ತಿ ಹಿಡಿದವು. ಇದು ಅನೋ ಅವರಿಗೆ ಹಿಡಿಸಲಿಲ್ಲ. ಅಷ್ಟು ದೊಡ್ಡ ಮಾತು ಆಡುವ ಮುಂಚೆ ವುಲ್ವ್ಸ್ ಮಾಸ್ಕೋಗೂ ಬುಡಾಪೆಸ್ಟ್‌ಗೂ ಹೋಗಿ ಆಡಿ ಬರಲಿ, ಮಿಲಾನ್, ಮ್ಯಾಡ್ರಿಡ್‌ನಂಥ ತಂಡಗಳೂ ಇವೆ ಎಂದು ಬರೆದರು. ಯುರೋಪಿನ ಕ್ಲಬ್‌ಗಳಿಗೆ ಒಂದು ಸರಿಯಾದ ಟೂರ್ನಿ ಬೇಕು ಎಂಬುದು ಅವರ ವಾದ. ನೆರೆಮನೆಯವರ ಜಂಬ ಇಳಿಸಲು ಬರೆದ ಲೇಖನ ಮುಂದೆ ಇಷ್ಟು ದೊಡ್ಡದಾಯಿತು ನೋಡಿ.

ಬರೆದರೆ ಸಾಕಾ? ಯುಇಎಫ್‌ಎ, ಫಿಫಾ ಎಲ್ಲ ಸುಮ್ನೆ ಒಪ್ಪಿಕೊಂಡ್ರಾ?

ಯುಇಎಫ್‌ಎ ಆಗ ಹಸುಗೂಸು. ಹುಟ್ಟಿದ್ದೇ 1954ರ ಜೂನ್‌ನಲ್ಲಿ, ಬಾಸೆಲ್‌ನಲ್ಲಿ. ಅದರ ಗಮನವೆಲ್ಲ ದೇಶಗಳ ತಂಡಗಳ ಕಡೆ. ಕ್ಲಬ್ ಟೂರ್ನಿ ನಡೆಸುವ ಉತ್ಸಾಹ ಅದಕ್ಕೆ ಇರಲಿಲ್ಲ. ಲೆಕಿಪ್ ಬಿಡಲಿಲ್ಲ. ಅನೋ ಮತ್ತು ಅವರ ಸಹೋದ್ಯೋಗಿ ಜಾಕ್ ಫೆರಾನ್ ನಿಯಮಾವಳಿ ಬರೆದು ನೇರ ಕ್ಲಬ್‌ಗಳಿಗೇ ಕಳಿಸಿದರು. 1955ರ ಏಪ್ರಿಲ್ ಮೊದಲ ವಾರ ಪ್ಯಾರಿಸ್‌ನ ಅಂಬಾಸಡರ್ ಹೋಟೆಲ್‌ನಲ್ಲಿ ಕ್ಲಬ್‌ಗಳ ಪ್ರತಿನಿಧಿಗಳು ಸೇರಿದರು. ಮ್ಯಾಡ್ರಿಡ್ ಅಧ್ಯಕ್ಷ ಸಾಂಟಿಯಾಗೊ ಬರ್ನಬೇವು ಖುದ್ದಾಗಿ ಬಂದಿದ್ದರು, ಹಂಗೆರಿಯ ಗುಸ್ಟಾವ್ ಸೆಬೆಶ್ ಕೂಡ ಇದ್ದರು.

ಆಗ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾಕ್ಕೆ ಬಿಸಿ ತಟ್ಟಿತು. ಕ್ಲಬ್‌ಗಳೇ ಸೇರಿ ಮಾಡಿಬಿಟ್ಟರೆ ಹಿಡಿತ ತಪ್ಪುತ್ತದಲ್ಲ. ಮೇ ತಿಂಗಳಲ್ಲಿ ಒಪ್ಪಿಗೆ ಕೊಟ್ಟಿತು, ಆದರೆ ನಡೆಸುವ ಹೊಣೆ ಯುಇಎಫ್‌ಎ ಹೊರಬೇಕು, ಆಯಾ ದೇಶದ ಸಂಸ್ಥೆಗಳು ಒಪ್ಪಿರಬೇಕು ಎಂದಿತು. ಜೂನ್ ಹೊತ್ತಿಗೆ ಯುಇಎಫ್‌ಎ ಟೂರ್ನಿಯನ್ನು ಕೈಗೆ ತೆಗೆದುಕೊಂಡಿತು. ಸೆಪ್ಟೆಂಬರ್‌ನಲ್ಲಿ ಆಟ ಶುರು. ಲೇಖನದಿಂದ ಮೊದಲ ಪಂದ್ಯದವರೆಗೆ ಒಂಬತ್ತು ತಿಂಗಳೂ ಪೂರ್ತಿ ಆಗಿರಲಿಲ್ಲ.

ಅದಕ್ಕೂ ಮುಂಚೆ ಬೇರೆ ದೇಶದ ಕ್ಲಬ್‌ಗಳು ಒಬ್ಬರ ಜೊತೆ ಒಬ್ಬರು ಆಡ್ತಾನೇ ಇರ್ಲಿಲ್ವಾ?

ಆಡುತ್ತಿದ್ದರು. ಮಧ್ಯ ಯುರೋಪಿನಲ್ಲಿ 1927ರಿಂದ ಮಿಟ್ರೊಪಾ ಕಪ್ ಇತ್ತು. 1949ರಿಂದ ಫ್ರಾನ್ಸ್, ಇಟಲಿ, ಸ್ಪೇನ್, ಪೋರ್ಚುಗಲ್‌ಗಳ ನಡುವೆ ಲ್ಯಾಟಿನ್ ಕಪ್ ಇತ್ತು. ಎರಡೂ ಕೆಲವೇ ದೇಶಗಳ ಕೂಟ. ಇಡೀ ಖಂಡಕ್ಕೆ ಒಂದು ಟೂರ್ನಿ ಎಂಬ ಯೋಚನೆಗೆ ಮಾದರಿ ಸಿಕ್ಕಿದ್ದು ದಕ್ಷಿಣ ಅಮೆರಿಕದಿಂದ. 1948ರಲ್ಲಿ ಚಿಲಿಯ ಸಾಂಟಿಯಾಗೊದಲ್ಲಿ ಅಲ್ಲಿನ ಚಾಂಪಿಯನ್ ಕ್ಲಬ್‌ಗಳೆಲ್ಲ ಸೇರಿ ಆಡಿದ್ದವು, ಬ್ರೆಜಿಲ್‌ನ ವಾಸ್ಕೊ ಡ ಗಾಮಾ ಗೆದ್ದಿತ್ತು. ನಮಗೆ ಇಲ್ಲದ್ದು ಅವರಿಗೆ ಯಾಕೆ ಇರಬೇಕು ಎಂಬ ಹುಳ ಫೆರಾನ್ ತಲೆಗೆ ಬಿಟ್ಟದ್ದು ಅದೇ ಟೂರ್ನಿ.

## ಕರೆದವರು, ಬಂದವರು, ಬಾರದವರು

ಮೊದಲ ವರ್ಷ ಆಡಿದ ತಂಡಗಳು ಯಾವುವು? ಎಲ್ಲರೂ ಅವರವರ ದೇಶದ ಚಾಂಪಿಯನ್ನರೇನಾ?

ಹದಿನಾರು ತಂಡಗಳು, ಹದಿನಾರು ಕಡೆಯಿಂದ. ಹೆಸರಿನಲ್ಲಿ ಚಾಂಪಿಯನ್ ಎಂದಿದ್ದರೂ ಎಲ್ಲರೂ ಚಾಂಪಿಯನ್ನರಲ್ಲ. ಅರ್ಧಕ್ಕೂ ಹೆಚ್ಚು ತಂಡಗಳು ಅಲ್ಲ. ಇದು ಈ ಟೂರ್ನಿಯ ಬಗ್ಗೆ ನನಗೆ ತುಂಬ ಇಷ್ಟವಾದ ಸಂಗತಿ.

ಆ ಹೊತ್ತಿಗೆ ತಮ್ಮ ಲೀಗ್ ಗೆದ್ದಿದ್ದವರು ಏಳೇ: ಮ್ಯಾಡ್ರಿಡ್, ರೀಮ್ಸ್, ಮಿಲಾನ್, ಪಶ್ಚಿಮ ಜರ್ಮನಿಯ ರೋಟ್ ವೈಸ್ ಎಸೆನ್, ಬೆಲ್ಜಿಯಂನ ಆಂಡರ್ಲೆಕ್ಟ್, ಸ್ವೀಡನ್ನಿನ ಯೂರ್‌ಗಾರ್ಡನ್, ಡೆನ್ಮಾರ್ಕಿನ ಆರ್ಹುಸ್. ಉಳಿದವರು ಲೆಕಿಪ್ ಕರೆದದ್ದಕ್ಕೆ ಬಂದವರು. ಪೋರ್ಚುಗಲ್‌ನಲ್ಲಿ ಲೀಗ್ ಗೆದ್ದದ್ದು ಬೆನ್‌ಫಿಕಾ, ಆಡಿದ್ದು ಸ್ಪೋರ್ಟಿಂಗ್. ಯುಗೊಸ್ಲಾವಿಯದಲ್ಲಿ ಗೆದ್ದದ್ದು ಹಾಯ್ಡುಕ್, ಆಡಿದ್ದು ಪಾರ್ಟಿಜಾನ್. ಹಾಗೆಯೇ ರಾಪಿಡ್ ವಿಯೆನ್ನಾ, ಸ್ವಿಟ್ಜರ್ಲೆಂಡಿನ ಸರ್ವೆಟ್, ಹಾಲೆಂಡಿನ ಪಿಎಸ್‌ವಿ, ಪೋಲೆಂಡಿನ ಗ್ವಾರ್ಡಿಯಾ ವಾರ್ಸಾ, ಸ್ಕಾಟ್ಲೆಂಡಿನ ಹೈಬರ್ನಿಯನ್, ಸಾರ್ ಪ್ರದೇಶದ ಸಾರ್‌ಬ್ರುಕೆನ್. ಹಂಗೆರಿಯಿಂದ ಬಂದದ್ದು ವೊರೊಶ್ ಲೊಬೊಗೊ, ಅಂದರೆ ಕೆಂಪು ಬಾವುಟ. ಬುಡಾಪೆಸ್ಟಿನ ಹಳೆಯ ಎಂಟಿಕೆ ಕ್ಲಬ್‌ಗೆ ಆಗಿನ ಸರ್ಕಾರದ ಕಾಲದಲ್ಲಿ ಬಿದ್ದ ಹೆಸರು ಅದು.

ಜನ ನೋಡಲು ಬರುವ, ದೊಡ್ಡ ಮೈದಾನವಿರುವ ತಂಡ ಬೇಕು ಎಂಬುದು ಪತ್ರಿಕೆಯ ಲೆಕ್ಕ. ಟಿಕೆಟ್ ಹೋಗಬೇಕಲ್ಲ.

ಇಂಗ್ಲೆಂಡಿನಿಂದ ಯಾರೂ ಇರ್ಲಿಲ್ವಾ? ಚೆಲ್ಸಿ ಚಾಂಪಿಯನ್ ಆಗಿತ್ತಲ್ಲ?

ಆಗಿತ್ತು. 1955ರಲ್ಲಿ ಚೆಲ್ಸಿ ತನ್ನ ಇತಿಹಾಸದಲ್ಲೇ ಮೊದಲ ಸಲ ಲೀಗ್ ಗೆದ್ದಿತ್ತು. ಕರೆ ಬಂತು, ಒಪ್ಪಿಕೊಂಡಿತು, ಯೂರ್‌ಗಾರ್ಡನ್ ಎದುರು ಪಂದ್ಯವೂ ನಿಗದಿಯಾಯಿತು. ಅಷ್ಟರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಲೀಗ್ ಆಡಳಿತ ಅಡ್ಡ ಬಂತು. ನಮ್ಮ ಲೀಗ್ ಪಂದ್ಯಗಳಿಗೆ ತೊಂದರೆಯಾಗುತ್ತದೆ, ಹೋಗಬೇಡಿ ಎಂದಿತು. ಚೆಲ್ಸಿ ಹಿಂದೆ ಸರಿಯಿತು. ಆ ಜಾಗಕ್ಕೆ ಬಂದದ್ದು ಗ್ವಾರ್ಡಿಯಾ ವಾರ್ಸಾ.

ಮರುವರ್ಷ ಮ್ಯಾಂಚೆಸ್ಟರ್ ಯುನೈಟೆಡ್‌ಗೂ ಇದೇ ಉಪದೇಶ ಸಿಕ್ಕಿತು. ಅಲ್ಲಿನ ಮ್ಯಾಟ್ ಬಸ್ಬಿ ಕಿವಿಗೆ ಹಾಕಿಕೊಳ್ಳದೆ ಹೋಗಿ ಆಡಿದರು. ಚೆಲ್ಸಿ ಈ ಟೂರ್ನಿಗೆ ಕಾಲಿಡಲು 1999ರವರೆಗೆ ಕಾಯಬೇಕಾಯಿತು. ಒಂದು ಸಲ ಮಾತು ಕೇಳಿದ್ದಕ್ಕೆ 44 ವರ್ಷ!

ಹೈಬರ್ನಿಯನ್ ಸ್ಕಾಟ್ಲೆಂಡಿನಲ್ಲಿ ಐದನೇ ಸ್ಥಾನದಲ್ಲಿತ್ತು. ಅವರಿಗೆ ಹೇಗೆ ಸೀಟು ಸಿಕ್ತು?

ಲೀಗ್ ಗೆದ್ದದ್ದು ಅಬರ್ಡೀನ್. ಆದರೆ ಎಡಿನ್‌ಬರಾದ ಹಿಬ್ಸ್ (ಹೈಬರ್ನಿಯನ್‌ಗೆ ಜನ ಕರೆಯುವ ಹೆಸರು) ಹತ್ತಿರ ಫ್ಲಡ್‌ಲೈಟ್ ಇತ್ತು. ವಾರದ ನಡುವೆ, ಕೆಲಸ ಬಿಟ್ಟ ಮೇಲೆ ಜನ ಬಂದು ನೋಡಬೇಕಾದರೆ ದೀಪ ಬೇಕೇ ಬೇಕು. ಆ ದೀಪಗಳೇ ಇಲ್ಲದಿದ್ದರೆ ಈ ಟೂರ್ನಿಯೇ ಇರುತ್ತಿರಲಿಲ್ಲ. ಜೊತೆಗೆ ಅವರ ಅಧ್ಯಕ್ಷ ಹ್ಯಾರಿ ಸ್ವಾನ್‌ಗೆ ಯುರೋಪಿನಲ್ಲಿ ಆಡುವ ಹುಚ್ಚು. ಐವತ್ತರ ದಶಕದ ಶುರುವಿನಲ್ಲಿ ಎರಡು ಸಲ ಲೀಗ್ ಗೆದ್ದ ಹೆಸರೂ ತಂಡಕ್ಕಿತ್ತು.

ಸುಮ್ನೆ ಸೀಟು ತುಂಬಿಸಲು ಬಂದವರಲ್ಲ ಅವರು. ಎಸೆನ್‌ಗೆ ಹೋಗಿ ಜರ್ಮನ್ ಚಾಂಪಿಯನ್ನರನ್ನು ಅವರ ಮೈದಾನದಲ್ಲೇ 4–0ರಿಂದ ಬಡಿದರು. ವಿಶ್ವಕಪ್ ಗೆದ್ದು ಒಂದೇ ವರ್ಷ ಕಳೆದಿದ್ದ ದೇಶಕ್ಕೆ ಅದು ಸಣ್ಣ ಏಟಲ್ಲ. ಹೀಗೆ ಯುರೋಪಿಯನ್ ಕಪ್ ಆಡಿದ ಮೊದಲ ಬ್ರಿಟಿಷ್ ಕ್ಲಬ್ ಸೆಮಿಫೈನಲ್‌ವರೆಗೆ ನಡೆಯಿತು.

ಸಾರ್‌ಬ್ರುಕೆನ್ ಜರ್ಮನಿಯ ಊರು ತಾನೇ? ಜರ್ಮನಿಯಿಂದ ಎರಡು ತಂಡ ಹೇಗೆ?

ಆಗ ಅದು ಜರ್ಮನಿಯಲ್ಲ. ಯುದ್ಧ ಮುಗಿದ ಮೇಲೆ ಸಾರ್ ಪ್ರದೇಶ ಫ್ರಾನ್ಸಿನ ಹಿಡಿತದಲ್ಲಿತ್ತು. ಫಿಫಾ ಸದಸ್ಯತ್ವವೂ ಬೇರೆಯೇ, ವಿಶ್ವಕಪ್ ಅರ್ಹತಾ ಪಂದ್ಯಕ್ಕೆ ಬೇರೆಯೇ ತಂಡ. ಸಾರ್‌ಬ್ರುಕೆನ್ ಕ್ಲಬ್ 1948–49ರಲ್ಲಿ ಫ್ರಾನ್ಸಿನ ಎರಡನೇ ದರ್ಜೆ ಲೀಗ್‌ನಲ್ಲಿ ಅತಿಥಿಯಾಗಿ ಆಡಿ ಎಲ್ಲರಿಗಿಂತ ಮೇಲೆ ನಿಂತಿತ್ತು. ಆದರೂ ಮೊದಲ ದರ್ಜೆಗೆ ಸೇರಿಸಿಕೊಳ್ಳಲಿಲ್ಲ. ಊಟಕ್ಕೆ ಕರೆದು ಎಲೆ ಹಾಕದೆ ಕೂರಿಸಿದ ಹಾಗೆ.

ಆ ತಂಡ 1955ರಲ್ಲಿ ಮಿಲಾನ್‌ಗೆ ಹೋಗಿ, ಸ್ಕಿಯಾಫಿನೊ, ನೋರ್ಡಾಲ್‌ರಂಥ ಘಟಾನುಘಟಿಗಳಿದ್ದ ತಂಡವನ್ನು 4–3ರಿಂದ ಸೋಲಿಸಿತು. ತವರಿನಲ್ಲಿ 1–4ರಿಂದ ಸೋತು ಹೊರಬಿತ್ತು, ಆ ಮಾತು ಬೇರೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸಾರ್ ಜನ ಪ್ರತ್ಯೇಕ ಸ್ಥಾನಮಾನ ಬೇಡವೆಂದು ಮತ ಹಾಕಿದ್ದರು. 1957ರ ಜನವರಿ 1ಕ್ಕೆ ಪಶ್ಚಿಮ ಜರ್ಮನಿಗೆ ಸೇರಿದರು. ಹಾಗಾಗಿ ಸಾರ್ ಹೆಸರಿನಲ್ಲಿ ಈ ಟೂರ್ನಿ ಆಡಿದ್ದು ಅದೊಂದೇ ಸಲ.

## ಮೈದಾನದಲ್ಲಿ

ಗುಂಪು ಹಂತ ಇತ್ತಾ? ಡ್ರಾ ಆದ್ರೆ ಏನು ಮಾಡ್ತಿದ್ರು?

ಗುಂಪು ಹಂತ ಇಲ್ಲ. ಮೊದಲ ದಿನದಿಂದಲೇ ನಾಕೌಟ್. ಇಬ್ಬರ ಮೈದಾನದಲ್ಲೂ ಒಂದೊಂದು ಪಂದ್ಯ, ಎರಡರ ಗೋಲು ಕೂಡಿಸಿ ಜಾಸ್ತಿ ಇದ್ದವರು ಮುಂದಕ್ಕೆ. ಸಮವಾದರೆ ಮೂರನೇ ಪಂದ್ಯ. ಎದುರಾಳಿ ಮೈದಾನದ ಗೋಲಿಗೆ ಹೆಚ್ಚು ಬೆಲೆ ಎಂಬ ನಿಯಮ ಆಗ ಹುಟ್ಟಿರಲಿಲ್ಲ, ಪೆನಾಲ್ಟಿ ಶೂಟೌಟ್ ಕೂಡ ಇಲ್ಲ. ಆ ವರ್ಷ ಮೂರನೇ ಪಂದ್ಯದ ಅಗತ್ಯವೇ ಬೀಳಲಿಲ್ಲ.

ದಿನಾಂಕಗಳೂ ಈಗಿನ ಹಾಗೆ ಗೆರೆ ಕೊಯ್ದಂತೆ ಇರಲಿಲ್ಲ. ಎರಡು ಕ್ಲಬ್‌ನವರು ಮಾತಾಡಿಕೊಂಡು ಗೊತ್ತು ಮಾಡುತ್ತಿದ್ದರು. ಒಬ್ಬರು ಕ್ವಾರ್ಟರ್‌ಫೈನಲ್ ಮುಗಿಸಿ ಕೂತಿದ್ದರೆ ಇನ್ನೊಬ್ಬರು ತಿಂಗಳುಗಟ್ಟಲೆ ಕಳೆದ ಮೇಲೆ ಆಡುತ್ತಿದ್ದರು. ಮೈದಾನವೂ ಅಷ್ಟೆ. ನವೆಂಬರ್‌ನಲ್ಲಿ ಸ್ವೀಡನ್ ಹೆಪ್ಪುಗಟ್ಟಿರುತ್ತದಲ್ಲ, ಹಾಗಾಗಿ ಯೂರ್‌ಗಾರ್ಡನ್ ತನ್ನ ‘ತವರು’ ಪಂದ್ಯವನ್ನು ಹಿಬ್ಸ್ ಎದುರು ಗ್ಲಾಸ್ಗೋದ ಫರ್‌ಹಿಲ್ ಮೈದಾನದಲ್ಲಿ ಆಡಿತು. ಗ್ಲಾಸ್ಗೋ ಇರುವುದು ಹಿಬ್ಸ್ ಊರಿನ ಪಕ್ಕದಲ್ಲೇ! 3–1ರಿಂದ ಸೋತಿತು ಅಂತ ಬೇರೆ ಹೇಳಬೇಕೇ.

ಎಲ್ಲಕ್ಕಿಂತ ಮೊದಲ ಪಂದ್ಯ ಯಾವುದು? ಮೊದಲ ಗೋಲು ಯಾರದು?

1955ರ ಸೆಪ್ಟೆಂಬರ್ 4, ಲಿಸ್ಬನ್ ಹೊರವಲಯದ ರಾಷ್ಟ್ರೀಯ ಮೈದಾನ. ಸ್ಪೋರ್ಟಿಂಗ್ ಮತ್ತು ಪಾರ್ಟಿಜಾನ್. 14ನೇ ನಿಮಿಷದಲ್ಲಿ ಸ್ಪೋರ್ಟಿಂಗ್‌ನ ಜುವಾವ್ ಮಾರ್ಟಿನ್ಸ್ ಗೋಲು ಹೊಡೆದರು. ಪಂದ್ಯ 3–3. ಬೆಲ್‌ಗ್ರೇಡ್‌ನ ಮರುಪಂದ್ಯದಲ್ಲಿ ಪಾರ್ಟಿಜಾನ್ 5–2ರಿಂದ ಗೆದ್ದಿತು, ಅದರಲ್ಲಿ ನಾಲ್ಕು ಗೋಲು ಮಿಲೋಶ್ ಮಿಲುಟಿನೊವಿಚ್ ಒಬ್ಬರದೇ. ಮೊದಲ ಹ್ಯಾಟ್ರಿಕ್ ಮಾತ್ರ ಹಂಗೆರಿಯ ಪೀಟರ್ ಪಾಲೊಟಾಶ್ ಅವರದು. ಸೆಪ್ಟೆಂಬರ್ 7ರಂದು ಆಂಡರ್ಲೆಕ್ಟ್ ಎದುರು, 6–3ರ ಪಂದ್ಯದಲ್ಲಿ.

ಮ್ಯಾಡ್ರಿಡ್ ಎಲ್ಲರನ್ನೂ ಆರಾಮಾಗಿ ಸೋಲಿಸಿಕೊಂಡು ಫೈನಲ್‌ಗೆ ಬಂತಾ?

ಸರ್ವೆಟ್ ಎದುರು ಆರಾಮ, ಒಟ್ಟು 7–0. ಆಮೇಲೆ ಕುತ್ತಿಗೆಗೆ ಬಂತು.

ಕ್ವಾರ್ಟರ್‌ಫೈನಲ್‌ನಲ್ಲಿ ಎದುರಿಗೆ ಪಾರ್ಟಿಜಾನ್. ಮೊದಲ ಪಂದ್ಯ ಮ್ಯಾಡ್ರಿಡ್‌ನಲ್ಲಿ, 1955ರ ಕ್ರಿಸ್‌ಮಸ್ ದಿನ. 4–0 ಗೆಲುವು. ಮುಗಿಯಿತು ಅಂದುಕೊಂಡರು. ಜನವರಿ 29ಕ್ಕೆ ಬೆಲ್‌ಗ್ರೇಡ್‌ಗೆ ಹೋದರೆ ಮೈದಾನದ ಮೇಲೆ ಹಿಮ. ಆ ನೆಲದಲ್ಲಿ ಓಡಿ ಅಭ್ಯಾಸವಿದ್ದವರು ಪಾರ್ಟಿಜಾನ್ ಹುಡುಗರು. ಮ್ಯಾಡ್ರಿಡ್‌ಗೆ ಒಂದು ಪೆನಾಲ್ಟಿ ಸಿಕ್ಕಿತು, ಎಕ್ಟೊರ್ ರಿಯಾಲ್ ಓಡಿಬಂದು ಜಾರಿದರು, ಚೆಂಡು ಗೋಲಾಗಲಿಲ್ಲ. ಆಮೇಲೆ ಒಂದಾದ ಮೇಲೊಂದು ಮೂರು ಗೋಲು ಪಾರ್ಟಿಜಾನ್‌ದು. ಇನ್ನೊಂದು ಬಿದ್ದಿದ್ದರೆ ಸಮ, ಮೂರನೇ ಪಂದ್ಯ. ಬೀಳಲಿಲ್ಲ. ಒಟ್ಟು 4–3.

ಸ್ಪೇನ್‌ನಲ್ಲಿ ಆಗ ಫ್ರಾಂಕೊ ಆಡಳಿತ, ಯುಗೊಸ್ಲಾವಿಯದಲ್ಲಿ ಟಿಟೊ. ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದು, ರಾಯಭಾರ ಸಂಬಂಧವೂ ಇಲ್ಲ. ಆದರೂ ಎರಡೂ ಕಡೆ ಪಂದ್ಯ ನಡೆಯಿತು. ನನ್ನ ಕೇಳಿದರೆ ಆ ವರ್ಷದ ದೊಡ್ಡ ಪಂದ್ಯ ಫೈನಲ್ ಅಲ್ಲ, ಈ ಹಿಮದ ಪಂದ್ಯ. ಆ ಒಂದು ಗೋಲು ಬಿದ್ದಿದ್ದರೆ ಮ್ಯಾಡ್ರಿಡ್ ಎಂದರೆ ಯುರೋಪಿಯನ್ ಕಪ್ ಎಂಬ ಮಾತು ಹುಟ್ಟುತ್ತಿತ್ತೋ ಇಲ್ಲವೋ.

ಸೆಮಿಫೈನಲ್‌ನಲ್ಲಿ ಮಿಲಾನ್. ತವರಿನಲ್ಲಿ 4–2, ಅಲ್ಲಿ 1–2. ಅದೂ ಒಂದೇ ಗೋಲಿನ ಅಂತರ.

ರೀಮ್ಸ್ ಅಷ್ಟು ದೊಡ್ಡ ತಂಡನಾ? ಈಗ ಹೆಸರೇ ಕೇಳಿಲ್ಲ.

ಶಾಂಪೇನ್ ಪ್ರದೇಶದ ಊರು ರೀಮ್ಸ್. ಐವತ್ತರ ದಶಕದಲ್ಲಿ ಫ್ರಾನ್ಸಿನ ಅತಿ ಚಂದದ ಆಟ ಅವರದು. ಕೋಚ್ ಆಲ್ಬೆರ್ ಬಾಟೊ. ನಡುವೆ ರೇಮೊನ್ ಕೋಪಾ, ಪೋಲೆಂಡಿನಿಂದ ವಲಸೆ ಬಂದ ಗಣಿ ಕಾರ್ಮಿಕರ ಮನೆ ಹುಡುಗ. ತಾನೂ ಹದಿಹರೆಯದಲ್ಲಿ ಗಣಿಗಿಳಿದು ದುಡಿದಿದ್ದರು. ಕ್ವಾರ್ಟರ್‌ಫೈನಲ್‌ನಲ್ಲಿ ರೀಮ್ಸ್ ವೊರೊಶ್ ಲೊಬೊಗೊ ತಂಡವನ್ನು ಪ್ಯಾರಿಸ್‌ನಲ್ಲಿ 4–2ರಿಂದ ಸೋಲಿಸಿ, ಬುಡಾಪೆಸ್ಟಿನಲ್ಲಿ 4–4 ಮಾಡಿಕೊಂಡು ಬಂತು. ಎರಡು ಪಂದ್ಯಕ್ಕೆ ಹದಿನಾಲ್ಕು ಗೋಲು. ಸೆಮಿಫೈನಲ್‌ನಲ್ಲಿ ಹಿಬ್ಸ್ ಎದುರು 2–0, 1–0. ಬರೀ ಅದೃಷ್ಟಕ್ಕೆ ಬಂದ ತಂಡವಲ್ಲ. 1959ರಲ್ಲೂ ಫೈನಲ್ ತಲುಪಿ ಮತ್ತೆ ಮ್ಯಾಡ್ರಿಡ್‌ಗೇ ಸೋತಿತು.

ಫೈನಲ್ ಹೇಗೆ ನಡೀತು? ಸ್ವಲ್ಪ ಬಿಡಿಸಿ ಹೇಳಿ.

38,239 ಜನ ನೋಡಿದರು. ಪ್ಯಾರಿಸ್ ಆದ್ದರಿಂದ ಕೂಗೆಲ್ಲ ರೀಮ್ಸ್ ಪರ. 6ನೇ ನಿಮಿಷದಲ್ಲಿ ಲೆಬ್ಲೋನ್, 10ನೇ ನಿಮಿಷದಲ್ಲಿ ಟೆಂಪ್ಲಿನ್. ಹತ್ತೇ ನಿಮಿಷಕ್ಕೆ ರೀಮ್ಸ್ 2–0. ಬೇರೆ ತಂಡವಾಗಿದ್ದರೆ ತಲೆ ಕೆಳಗೆ ಹಾಕುತ್ತಿತ್ತು. 14ನೇ ನಿಮಿಷದಲ್ಲಿ ಆಲ್ಫ್ರೆಡೊ ಡಿ ಸ್ಟೆಫಾನೊ ಒಂದನ್ನು ಹೊಡೆದರು. 30ನೇ ನಿಮಿಷದಲ್ಲಿ ರಿಯಾಲ್ ಸಮ ಮಾಡಿದರು. ಹೆಸರು ಕೇಳಿ ಗಲಿಬಿಲಿಯಾಗಬೇಡಿ, ಕ್ಲಬ್ ರಿಯಲ್, ಆಟಗಾರ ರಿಯಾಲ್. ಬೆಲ್‌ಗ್ರೇಡ್‌ನಲ್ಲಿ ಜಾರಿ ಬಿದ್ದವರು ಇವರೇ.

62ನೇ ನಿಮಿಷದಲ್ಲಿ ಕೋಪಾ ಒದ್ದ ಫ್ರೀ ಕಿಕ್‌ಗೆ ಮಿಶೆಲ್ ಇಡಾಲ್ಗೊ ತಲೆ ಕೊಟ್ಟರು. ರೀಮ್ಸ್ ಮತ್ತೆ ಮುಂದೆ, 3–2. ಐದು ನಿಮಿಷ ಕಳೆದಿತ್ತು ಅಷ್ಟೆ. ಮ್ಯಾಡ್ರಿಡ್‌ನ ಮಾರ್ಕಿಟೋಸ್ ಹಿಂದೆ ನಿಲ್ಲಬೇಕಾದ ಡಿಫೆಂಡರ್. ಅದೇನು ಹೊಕ್ಕಿತೋ, ಮುಂದೆ ನುಗ್ಗಿಬಂದು ಗೋಲು ಮಾಡಿಯೇಬಿಟ್ಟರು. 3–3. 79ನೇ ನಿಮಿಷದಲ್ಲಿ ಮತ್ತೆ ರಿಯಾಲ್. 4–3. ಕಪ್ ಎತ್ತಿದವರು ನಾಯಕ ಮಿಗೆಲ್ ಮುನೋಜ್. ಜಿನೀವಾದಲ್ಲಿ ಸರ್ವೆಟ್ ಎದುರು ಮ್ಯಾಡ್ರಿಡ್‌ನ ಮೊಟ್ಟಮೊದಲ ಯುರೋಪಿಯನ್ ಕಪ್ ಗೋಲು ಹೊಡೆದವರೂ ಅವರೇ.

ರೆಫರಿ ಆರ್ಥರ್ ಎಲಿಸ್, ಇಂಗ್ಲೆಂಡಿನವರು. ತಂಡ ಕಳಿಸದ ದೇಶ ಸೀಟಿ ಊದಲು ಮಾತ್ರ ಬಂತು!

ಆ ಕಾಲದಲ್ಲಿ ಗೋಲು ಜಾಸ್ತಿ ಬೀಳ್ತಿತ್ತು ಅಂತಾರೆ. ಎಷ್ಟು?

29 ಪಂದ್ಯ, 127 ಗೋಲು. ಪಂದ್ಯಕ್ಕೆ ನಾಲ್ಕಕ್ಕಿಂತ ಜಾಸ್ತಿಯೇ. ಒಬ್ಬರೇ ಅತಿ ಹೆಚ್ಚು ಹೊಡೆದದ್ದು ಪಾರ್ಟಿಜಾನ್‌ನ ಮಿಲುಟಿನೊವಿಚ್, ನಾಲ್ಕೇ ಪಂದ್ಯದಲ್ಲಿ 8. ಮುಂದೆ ಐದು ದೇಶಗಳನ್ನು ವಿಶ್ವಕಪ್‌ಗಳಲ್ಲಿ ಕೋಚ್ ಮಾಡಿದ ಬೋರಾ ಮಿಲುಟಿನೊವಿಚ್ ಇವರ ತಮ್ಮ.

## ಸ್ವಲ್ಪ ಒಳಗೆ ಇಳಿದರೆ

ಫೈನಲ್‌ನಲ್ಲಿ ಮ್ಯಾಡ್ರಿಡ್ ಎದುರು ಆಡಿದ ಕೋಪಾ ಆಮೇಲೆ ಮ್ಯಾಡ್ರಿಡ್‌ಗೇ ಹೋದ್ರು. ಮೊದಲೇ ಮಾತಾಗಿತ್ತಂತೆ?

ಆಗಿತ್ತು. ಫೈನಲ್‌ಗೆ ಮುಂಚೆಯೇ ವ್ಯವಹಾರ ಕುದುರಿತ್ತು. ಈಗ ಹಾಗಾದರೆ ಟಿವಿಯವರು ಒಂದು ವಾರ ಅದನ್ನೇ ಅರೆಯುತ್ತಾರೆ. ಆದರೆ ಆಟದಲ್ಲಿ ಕೋಪಾ ಕೈ ಬಿಗಿಹಿಡಿದರು ಎಂದು ಹೇಳಲು ಬರುವುದಿಲ್ಲ. ಮೂರನೇ ಗೋಲಿಗೆ ಚೆಂಡು ಕೊಟ್ಟವರೇ ಅವರು. ಮ್ಯಾಡ್ರಿಡ್‌ನಲ್ಲಿ ಮೂರು ವರ್ಷ ಇದ್ದು ಮೂರು ಯುರೋಪಿಯನ್ ಕಪ್ ಗೆದ್ದರು. ಮೂರನೆಯದು 1959ರಲ್ಲಿ, ತಮ್ಮ ಹಳೆಯ ರೀಮ್ಸ್ ಎದುರೇ. ಆಮೇಲೆ ವಾಪಸ್ ರೀಮ್ಸ್‌ಗೇ ಹೋದರು.

ಮ್ಯಾಡ್ರಿಡ್ ಕೋಚ್ ಯಾರು? ಎಲ್ಲರೂ ಡಿ ಸ್ಟೆಫಾನೊ ಹೆಸರೇ ಹೇಳ್ತಾರೆ.

ಹೊಸೆ ವಿಯಲೊಂಗಾ. ಆಗ ಅವರಿಗೆ 36 ವರ್ಷ. ಈ ಕಪ್ ಗೆದ್ದ ಅತಿ ಕಿರಿಯ ಕೋಚ್ ಎಂಬ ದಾಖಲೆ ಇನ್ನೂ ಅವರದೇ. ಮರುವರ್ಷವೂ ಗೆಲ್ಲಿಸಿದರು. 1964ರಲ್ಲಿ ಸ್ಪೇನ್ ಯುರೋಪಿನ ಚಾಂಪಿಯನ್ ಆದಾಗ ಕೋಚ್ ಇವರೇ. ಆದರೂ ಹೆಸರು ಹಿಂದೆ ಬಿತ್ತು. ಡಿ ಸ್ಟೆಫಾನೊ ಇದ್ದ ತಂಡದಲ್ಲಿ ಕೋಚ್ ಹೆಸರು ಯಾರಿಗೆ ನೆನಪಿರುತ್ತದೆ? ತಮ್ಮ ಗೋಲ್‌ಪೋಸ್ಟ್ ಹತ್ತಿರ ಚೆಂಡು ಕಸಿದು, ನಡುವೆ ಹಂಚಿ, ಎದುರಿನ ಪೋಸ್ಟ್‌ಗೆ ತಾವೇ ಹೊಡೆಯುತ್ತಿದ್ದ ಆಟಗಾರ ಅವರು.

ಆ ವರ್ಷ ಮ್ಯಾಡ್ರಿಡ್ ಸ್ಪೇನ್ ಲೀಗ್ ಗೆಲ್ಲಲಿಲ್ಲ. ಮತ್ತೆ ಮರುವರ್ಷ ಹೇಗೆ ಆಡ್ತು?

1956ರ ಲೀಗ್ ಗೆದ್ದದ್ದು ಅಥ್ಲೆಟಿಕ್ ಬಿಲ್ಬಾವೊ. ಆದರೆ ಕಪ್ ಹಿಡಿದವರಿಗೆ ಕಾಪಾಡಿಕೊಳ್ಳುವ ಅವಕಾಶ ಕೊಡಬೇಕಲ್ಲ. ಹಾಗಾಗಿ ಸ್ಪೇನ್‌ನಿಂದ ಎರಡೂ ತಂಡ ಆಡಿದವು. ಈ ಬಾರಿ ಪತ್ರಿಕೆಯ ಆಯ್ಕೆ ಇರಲಿಲ್ಲ, ಚಾಂಪಿಯನ್ನರಿಗೇ ಜಾಗ ಎಂಬ ಕ್ರಮ ಬಂತು. ಮ್ಯಾಡ್ರಿಡ್ 1957ರಲ್ಲೂ ಗೆದ್ದಿತು, ಆಮೇಲೆ 1960ರವರೆಗೆ ಬಿಡದೆ ಐದು ಸಲ.

ಬಿಲ್ಬಾವೊ ಕಥೆಯಲ್ಲಿ ಒಂದು ನೋವಿನ ಎಳೆಯಿದೆ. 1956ರ ಕೊನೆಗೆ ಅದರ ಎದುರಾಳಿ ಹೊನ್ವೇಡ್, ಅನೋ ಲೇಖನಕ್ಕೆ ಕಾರಣವಾದ ಅದೇ ತಂಡ. ಅವರು ಹೊರದೇಶದಲ್ಲಿದ್ದಾಗ ಬುಡಾಪೆಸ್ಟಿನ ಬೀದಿಗಳಲ್ಲಿ ಸೋವಿಯತ್ ಟ್ಯಾಂಕುಗಳಿದ್ದವು. ತವರು ಪಂದ್ಯವನ್ನು ಬ್ರಸೆಲ್ಸ್‌ನಲ್ಲಿ ಆಡಬೇಕಾಯಿತು. ಒಂದು ಗೋಲಿನಿಂದ ಹೊರಬಿದ್ದರು. ಪುಷ್ಕಾಶ್, ಕೋಚಿಶ್, ಚಿಬೋರ್ ಊರಿಗೆ ಮರಳಲಿಲ್ಲ. 1958ರಲ್ಲಿ ಪುಷ್ಕಾಶ್ ಸೇರಿದ್ದು ಮ್ಯಾಡ್ರಿಡ್.

ಈಗ ಕೊಡುವ ದೊಡ್ಡ ಕಿವಿಯ ಕಪ್ಪೇ ಆಗಲೂ ಕೊಟ್ಟಿದ್ದಾ?

ಅಲ್ಲ. ಮೊದಲ ಕಪ್ ಲೆಕಿಪ್ ಕೊಡುಗೆ, ನೋಡಲು ಬೇರೆಯೇ ಇತ್ತು. 1966ರಲ್ಲಿ ಆರನೇ ಸಲ ಗೆದ್ದ ಮೇಲೆ ಅದನ್ನು ಮ್ಯಾಡ್ರಿಡ್‌ಗೇ ಬಿಟ್ಟುಕೊಟ್ಟರು. ಈಗಿನ ರೂಪ ಸ್ವಿಟ್ಜರ್ಲೆಂಡಿನ ಬರ್ನ್ ಊರಿನ ಯೂರ್ಗ್ ಸ್ಟಾಡೆಲ್ಮನ್ ಮಾಡಿಕೊಟ್ಟದ್ದು. ಎತ್ತರ 73.5 ಸೆಂ.ಮೀ., ತೂಕ 7.5 ಕೆ.ಜಿ.

ಏಷ್ಯಾದಲ್ಲಿ ಇಂಥದ್ದು ಯಾವಾಗ ಶುರುವಾಯ್ತು? ನಮ್ಮ ಕಡೆಯವರು ಯಾರಾದ್ರೂ ಆಡಿದ್ದಾರಾ?

ಯುರೋಪ್ ನೋಡಿ ಉಳಿದವರೂ ಶುರು ಮಾಡಿದರು. ದಕ್ಷಿಣ ಅಮೆರಿಕದ ಲಿಬರ್ಟಡೋರೆಸ್ 1960ರಲ್ಲಿ, ಮೊದಲು ಗೆದ್ದದ್ದು ಉರುಗ್ವೆಯ ಪೆನ್ಯಾರೊಲ್. ಏಷ್ಯಾದ ಚಾಂಪಿಯನ್ ಕ್ಲಬ್ ಟೂರ್ನಿ 1967ರಲ್ಲಿ ಬ್ಯಾಂಕಾಕ್‌ನಲ್ಲಿ, ಗೆದ್ದದ್ದು ಇಸ್ರೇಲಿನ ಹಪೊಯೆಲ್ ಟೆಲ್ ಅವಿವ್.

ನಮ್ಮ ಕಡೆಯವರು? 1969ರ ಎರಡನೇ ಟೂರ್ನಿಗೆ, ಅದೂ ಬ್ಯಾಂಕಾಕ್‌ನಲ್ಲೇ, ಭಾರತದಿಂದ ಹೋದದ್ದು ಮೈಸೂರು. ಮೈಸೂರಿನ ಕ್ಲಬ್ ಅಲ್ಲ, ಮೈಸೂರು ರಾಜ್ಯದ ತಂಡ! ಆಗ ನಮ್ಮ ದೇಶದಲ್ಲಿ ಕ್ಲಬ್‌ಗಳ ರಾಷ್ಟ್ರೀಯ ಲೀಗ್ ಇರಲಿಲ್ಲ. ರಾಷ್ಟ್ರೀಯ ಚಾಂಪಿಯನ್ ಎಂದರೆ ರಾಜ್ಯಗಳು ಆಡುವ ಸಂತೋಷ್ ಟ್ರೋಫಿ ಗೆದ್ದವರು, ಆ ಹೊತ್ತಿಗೆ ಅದು ಮೈಸೂರಿನ ಕೈಯಲ್ಲಿತ್ತು. ಐದನೇ ಸ್ಥಾನದ ಹಿಬ್ಸ್ ಚಾಂಪಿಯನ್ನರ ಕಪ್ ಆಡಿದ್ದನ್ನು ಕೇಳಿ ನಗುವವರಿಗೆ ನಾನು ಇದನ್ನೇ ಹೇಳುವುದು.

ಕ್ಲಬ್ ಎಂದೇ ಹೋಗಿ ಹೆಸರು ಮಾಡಿದ್ದು ಬೆಂಗಳೂರು ಎಫ್‌ಸಿ. 2016ರಲ್ಲಿ ಏಷ್ಯಾದ ಎರಡನೇ ದರ್ಜೆಯ ಎಎಫ್‌ಸಿ ಕಪ್‌ನಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು ಕಂಠೀರವ ಕ್ರೀಡಾಂಗಣದಲ್ಲಿ 3–1ರಿಂದ ಸೋಲಿಸಿ ಫೈನಲ್ ಸೇರಿತು. ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಆ ಫೈನಲ್ ಆಡಿರಲಿಲ್ಲ. ದೋಹಾದಲ್ಲಿ ಇರಾಕಿನ ವಾಯುಪಡೆ ತಂಡದ ಎದುರು ಒಂದೇ ಗೋಲಿನಿಂದ ಸೋತಿತು. ಆ ಪಂದ್ಯಕ್ಕೆ ಅಲಾರಾಂ ಬೇಕಿರಲಿಲ್ಲ. ರಾತ್ರಿ ಊಟದ ಹೊತ್ತಿಗೇ ಬಂದಿತ್ತು, ತಟ್ಟೆ ಮುಂದಿಟ್ಟುಕೊಂಡು ಯಾರೂ ಉಣ್ಣಲಿಲ್ಲ.